ಡ್ರಾಯಿಂಗ್ ಪ್ಲಾಟಿನ ಅಳತೆ ತಪ್ಪಿದಾಗ ದೋಷ ಹುಡುಕುವುದು ಹೇಗೆ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಆಚಾರ್ರೊಬ್ಬರು ಶಿವಮೊಗ್ಗದ ನಮ್ಮ ಪ್ಲಾಟಿಂಗ್ ಅಂಗಡಿಗೆ, ಅಂದರೆ ಮನೆ ಪ್ಲಾನಿನಂಥ ದೊಡ್ಡ ಡ್ರಾಯಿಂಗುಗಳನ್ನು ಪ್ಲಾಟರ್ ಯಂತ್ರದಲ್ಲಿ ಪ್ರಿಂಟ್ ತೆಗೆಯುವ ಅಂಗಡಿಗೆ, ಬಂದರು. ಬೆಳಗಿನ ಮೊದಲ ಬಸ್ಸಿಗೇ ಹೊರಟಿದ್ದರಂತೆ. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಡ್ರಾಯಿಂಗ್ ಸುರುಳಿ. ಹಿಂದಿನ ವಾರ ನಾವೇ ತೆಗೆದುಕೊಟ್ಟದ್ದು. ಹೊಸ ಮನೆಯ ಮುಂಬಾಗಿಲಿನ ಕಮಾನು, ಒಂದಕ್ಕೆ ಒಂದು ಅಳತೆಯಲ್ಲಿ. ಅದನ್ನು ಸಾಗುವಾನಿ ಹಲಗೆಗೆ ಅಂಟಿಸಿ, ಗೆರೆ ಹಿಡಿದೇ ಗರಗಸ ಹಾಕಬೇಕು ಅಂತ ಅವರ ಲೆಕ್ಕ.

“ಎಂತ ಆಯ್ತು ಆಚಾರ್ರೆ?” ಅಂದೆ.

“ದಾರಂದಕ್ಕೆ ಹಿಡಿದು ನೋಡಿದೆ ಮಾರಾಯ್ರೆ. ಕೂರೋದಿಲ್ಲ. ಒಂದೂಕಾಲು ಇಂಚು ಕಮ್ಮಿ ಬರ್ತದೆ.”

ಮರ ಕೊಯ್ಯುವ ಮೊದಲು ಹಿಡಿದು ನೋಡಿದ್ದರು. ಅದೊಂದು ಪುಣ್ಯ. ಸುರುಳಿ ಬಿಚ್ಚಿ ಮೇಜಿನ ಮೇಲೆ ಹಾಸಿ ಸ್ಟೀಲ್ ಸ್ಕೇಲ್ ಇಟ್ಟೆ. ಕಂಪ್ಯೂಟರಿನಲ್ಲಿ ಕಮಾನಿನ ಅಗಲ 1050 ಮಿಮೀ. ಹಾಳೆಯ ಮೇಲೆ 1018. ಭಾಗಿಸಿದರೆ 0.97. ಆ ಸಂಖ್ಯೆ ಕೈಗೆ ಬಂದ ಮೇಲೆ ತಪ್ಪು ಎಲ್ಲಾಗಿದೆ ಅಂತ ಕಂಡುಹಿಡಿಯಲು ಹತ್ತು ನಿಮಿಷ ಸಾಕಾಯಿತು.

ಅಳತೆ ತಪ್ಪಿದೆ ಅಂತ ಗೊತ್ತಾದ ಕೂಡಲೇ ತುಂಬಾ ಜನ ಒಂದೊಂದೇ ಸೆಟ್ಟಿಂಗ್ ಬದಲಿಸುತ್ತಾ ಮತ್ತೆ ಮತ್ತೆ ಪ್ರಿಂಟ್ ಕೊಡುತ್ತಾರೆ. ನಾಲ್ಕು ದೊಡ್ಡ ಹಾಳೆ ಹೋಗುತ್ತದೆ, ಐದನೆಯದು ಹೇಗೋ ಸರಿ ಬರುತ್ತದೆ. ಯಾಕೆ ಸರಿಯಾಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತದೆ. ಹಾಗಾಗಿ ಯಾವ ಬಟನ್ನೂ ಮುಟ್ಟುವ ಮೊದಲು ಅಳೆಯಿರಿ, ಭಾಗಿಸಿ. ಬಂದ ಸಂಖ್ಯೆಯೇ ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ. ಕೆಳಗೆ ಬರೆದಿರುವುದು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ಆಟೋಕ್ಯಾಡ್ ಇಟ್ಟುಕೊಂಡು. ಬೇರೆ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಮೆನು ಹೆಸರು ಬೇರೆ ಇರಬಹುದು, ಲೆಕ್ಕ ಇದೇ.

ಮೊದಲು ಸರಿಯಾಗಿ ಅಳೆಯೋಣ

ಒಂದು ಮೀಟರಿನ ಸ್ಟೀಲ್ ಸ್ಕೇಲ್ ಬೇಕು. ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಬೇಡ, ಬಟ್ಟೆ ಟೇಪ್ ಖಂಡಿತ ಬೇಡ. ಮೇಸ್ತ್ರಿಗಳ ಸ್ಟೀಲ್ ಟೇಪ್ ಆದರೆ ತುದಿಯ ಕೊಕ್ಕೆಯಿಂದ ಅಳೆಯಬೇಡಿ, ಅದು ಅಲ್ಲಾಡುತ್ತದೆ. 100ರ ಗೆರೆಯಿಂದ ಹಿಡಿದು ಕೊನೆಗೆ 100 ಕಳೆಯಿರಿ.

ಹಾಳೆಯಲ್ಲಿ ಸಿಗುವ ಅತಿ ಉದ್ದದ ಗೆರೆ ಆರಿಸಿಕೊಳ್ಳಿ. 50 ಮಿಮೀ ಗೆರೆ ಅಳೆಯುವಾಗ ಕಣ್ಣು ಅರ್ಧ ಮಿಮೀ ತಪ್ಪಿದರೂ ಶೇಕಡಾ 1ರ ವ್ಯತ್ಯಾಸ ಆಯಿತು. ಅದೇ ಅರ್ಧ ಮಿಮೀ 500 ಮಿಮೀ ಗೆರೆಯಲ್ಲಿ ಬರೀ ಶೇಕಡಾ 0.1. ಬಾತ್‌ರೂಮಿನ ಗೋಡೆ ಅಳೆದು “ಸ್ಕೇಲ್ ತಪ್ಪಿದೆ” ಅಂದವರಿಗೆ ಸುಮ್ನೆ ಹಾಳೆಯ ಸುತ್ತಲಿನ ಬಾರ್ಡರ್ ಗೆರೆ ಅಳೆದು ತೋರಿಸಿ ಕಳಿಸಿದ್ದು ಎಷ್ಟೋ ಸಲ.

ಎರಡೂ ದಿಕ್ಕಿಗೆ ಅಳೆಯಿರಿ. ಹಾಳೆ ಪ್ಲಾಟರಿನಿಂದ ಹೊರಬರುವ ದಿಕ್ಕು ಒಂದು. ಪ್ರಿಂಟ್ ಹೆಡ್ ಓಡಾಡುವ ದಿಕ್ಕು, ಅಂದರೆ ರೋಲಿನ ಅಗಲ, ಇನ್ನೊಂದು. ಪ್ರಿಂಟ್ ಬಂದ ತಕ್ಷಣ ಹಾಳೆ ಹೊರಬಂದ ದಿಕ್ಕಿಗೆ ಪೆನ್ಸಿಲಿನಲ್ಲಿ ಬಾಣ ಹಾಕಿಡಿ. ಆಮೇಲೆ ಹಾಳೆ ತಿರುಗಿಸಿ ಮುರುಗಿಸಿ ನೋಡುವಾಗ ಯಾವುದು ಯಾವ ದಿಕ್ಕು ಅಂತ ಮರೆತೇ ಹೋಗುತ್ತದೆ.

ಮೂರನೆಯ ವಿಷಯ ಬಹಳ ಮುಖ್ಯ. ಬಾರ್ಡರನ್ನೂ ಅಳೆಯಿರಿ, ಒಳಗಿನ ಡ್ರಾಯಿಂಗನ್ನೂ ಅಳೆಯಿರಿ. ಎ1 ಹಾಳೆ 841 × 594 ಮಿಮೀ. ಸುತ್ತ 10 ಮಿಮೀ ಬಿಟ್ಟು ಬಾರ್ಡರ್ ಹಾಕಿದ್ದರೆ ಅದು 821 × 574 ಇರಬೇಕು. ಬಾರ್ಡರೂ ಕಡಿಮೆ, ಡ್ರಾಯಿಂಗೂ ಅಷ್ಟೇ ಪಾಲು ಕಡಿಮೆ ಇದ್ದರೆ ತಪ್ಪಾಗಿರುವುದು ಪ್ರಿಂಟ್ ಕೊಡುವ ಹಂತದಲ್ಲಿ. ಬಾರ್ಡರ್ ಸರಿ ಇದ್ದು ಒಳಗಿನ ಗೋಡೆ ಮಾತ್ರ ತಪ್ಪಿದ್ದರೆ ತಪ್ಪು ವ್ಯೂಪೋರ್ಟಿನಲ್ಲಿ (ಹಾಳೆಯ ಮೇಲೆ ಡ್ರಾಯಿಂಗನ್ನು ಸ್ಕೇಲಿಗೆ ತೋರಿಸುವ ಚೌಕಟ್ಟು), ಇಲ್ಲವೇ ಡ್ರಾಯಿಂಗಿನಲ್ಲೇ. ಈ ಒಂದು ಅಳತೆಯಿಂದ ಅರ್ಧ ಹುಡುಕಾಟ ಮುಗಿದ ಹಾಗೆ.

ಎರಡೂ ದಿಕ್ಕಿಗೆ 0.95ರಿಂದ 0.99

ಹಾಳೆಯ ಮೇಲಿನ ಅಳತೆಯನ್ನು ಇರಬೇಕಾದ ಅಳತೆಯಿಂದ ಭಾಗಿಸಿದಾಗ ಎರಡೂ ದಿಕ್ಕಿಗೆ ಒಂದೇ ಸಂಖ್ಯೆ ಬಂದು, ಅದು ಒಂದಕ್ಕಿಂತ ಸ್ವಲ್ಪವೇ ಕಡಿಮೆ ಇದೆ, ಬಾರ್ಡರೂ ಕುಗ್ಗಿದೆ. ಹಾಗಿದ್ದರೆ ಯಾರೋ ಎಲ್ಲೋ ಹಾಳೆಯನ್ನು “ಫಿಟ್” ಮಾಡಿದ್ದಾರೆ. ನಮ್ಮಲ್ಲಿಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಆಚಾರ್ರ ಕಮಾನಿಗೆ ಆಗಿದ್ದೂ ಇದೇ. ಎ0 ಹಾಳೆಯ ಉದ್ದ 1189 ಮಿಮೀ. ಎರಡೂ ತುದಿಗೆ 18 ಮಿಮೀ ಅಂಚು ಬಿಟ್ಟು ಪೂರ್ತಿ ಹಾಳೆಯನ್ನು ಉಳಿದ 1153ರೊಳಗೆ ತುರುಕಲಾಗಿತ್ತು. 1153 ಭಾಗಿಸು 1189, ಅದೇ 0.97.

ಫಿಟ್ ಅಡಗಿ ಕೂರುವ ಜಾಗ ನಾಲ್ಕು. ಸಾಲಾಗಿ ನೋಡುತ್ತಾ ಬನ್ನಿ.

ಆಟೋಕ್ಯಾಡಿನ ಪ್ಲಾಟ್ ಕಿಟಕಿಯಲ್ಲಿ “ಫಿಟ್ ಟು ಪೇಪರ್” ಅಂತ ಒಂದು ಚೌಕ ಇದೆ. ಅದರಲ್ಲಿ ಟಿಕ್ ಇದ್ದರೆ ತೆಗೆಯಿರಿ. ಲೇಔಟಿನಿಂದ, ಅಂದರೆ ಬಾರ್ಡರ್ ಸಮೇತ ಹಾಳೆ ಜೋಡಿಸಿಟ್ಟ ಪುಟದಿಂದ, ಕೊಡುವ ಪ್ಲಾಟ್ ಆದರೆ ಸ್ಕೇಲ್ 1:1 ಇರಬೇಕು, ಪ್ಲಾಟ್ ಏರಿಯಾ “ಲೇಔಟ್” ಇರಬೇಕು. ಕೆಲವರು “ಎಕ್ಸ್‌ಟೆಂಟ್ಸ್” ಇಡುತ್ತಾರೆ. ಹಾಳೆಯ ಹೊರಗೆ ಎಲ್ಲೋ ಮರೆತು ಬಿಟ್ಟ ಒಂದು ಚುಕ್ಕೆ ಇದ್ದರೂ ಅದನ್ನೂ ಒಳಗೆ ಸೇರಿಸಿಕೊಳ್ಳಲು ಹೋಗುತ್ತದೆ. ಜೊತೆಗೆ ಫಿಟ್ ಇದ್ದರಂತೂ ಡ್ರಾಯಿಂಗ್ ಮುದುರಿಕೊಳ್ಳುತ್ತದೆ. ಆಗ ಬರುವ ಪಾಲು 0.97ರ ಹಾಗೆ ಗುರುತು ಸಿಗುವ ಸಂಖ್ಯೆಯೂ ಆಗಿರುವುದಿಲ್ಲ, 0.83, 0.61 ಹೀಗೆ ಏನೋ ಒಂದು.

ಎರಡನೆಯದು ಹಾಳೆಯ ಆಯ್ಕೆ. ಆಟೋಕ್ಯಾಡಿನ ಜೊತೆ ಬರುವ “ಡಿಡಬ್ಲ್ಯುಜಿ ಟು ಪಿಡಿಎಫ್” ಪ್ಲಾಟರಿನಲ್ಲಿ ಪ್ರತಿ ಹಾಳೆಗೂ ಒಂದಕ್ಕಿಂತ ಹೆಚ್ಚು ಹೆಸರು ಇದೆ. “ಐಎಸ್ಒ ಎ1” ಅಂತ ಬರೀ ಹೆಸರಿನದು ಸುತ್ತ ಅಂಚು ಬಿಡುತ್ತದೆ. “ಐಎಸ್ಒ ಫುಲ್ ಬ್ಲೀಡ್ ಎ1” ಅಂಚು ಬಿಡುವುದಿಲ್ಲ. ಮೊದಲನೆಯದನ್ನು ಆರಿಸಿದಾಗ ಬಾರ್ಡರಿನ ಒಂದು ಬದಿ ಕತ್ತರಿಸಿ ಹೋಗುತ್ತದೆ. ಅದನ್ನು ಸರಿ ಮಾಡಲು ಹೋಗಿ ಜನ ಫಿಟ್ ಒತ್ತುತ್ತಾರೆ. ಬಾರ್ಡರ್ ಕಾಣುತ್ತದೆ, ಸ್ಕೇಲ್ ಹೋಗುತ್ತದೆ. ಪಿಡಿಎಫ್ ಮಾಡುವಾಗ ಫುಲ್ ಬ್ಲೀಡ್ ಹಾಳೆ ಆರಿಸಿದರೆ ಈ ತಾಪತ್ರಯವೇ ಇಲ್ಲ.

ಮೂರನೇ ಜಾಗ ಪಿಡಿಎಫ್ ರೀಡರ್. ಅಡೋಬ್ ರೀಡರಿನ ಪ್ರಿಂಟ್ ಕಿಟಕಿಯಲ್ಲಿ “ಫಿಟ್” ಅಥವಾ “ಶ್ರಿಂಕ್ ಓವರ್‌ಸೈಜ್ಡ್ ಪೇಜಸ್” ಇದ್ದರೆ ಬದಲಿಸಿ “ಆ್ಯಕ್ಚುಯಲ್ ಸೈಜ್” ಒತ್ತಿ. ಕ್ರೋಮ್ ಬ್ರೌಸರಿನಿಂದಲೇ ಪ್ರಿಂಟ್ ಕೊಡುವವರು ಸ್ಕೇಲ್ ಜಾಗದಲ್ಲಿ “ಕಸ್ಟಮ್” ತೆಗೆದುಕೊಂಡು 100 ಹಾಕಿ. ನನ್ನನ್ನು ಕೇಳಿದರೆ ಅಳತೆಯ ಡ್ರಾಯಿಂಗಿಗೆ ಬ್ರೌಸರ್ ಬಳಸಲೇಬೇಡಿ.

ಕೊನೆಯದು ಪ್ಲಾಟರಿನ ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಪ್ಲಾಟರಿಗೆ ಕೆಲಸ ಒಪ್ಪಿಸುವ ಪ್ರೋಗ್ರಾಂ. ಪ್ರಾಪರ್ಟೀಸ್ ಒಳಗೆ “ಸ್ಕೇಲ್ ಟು ಫಿಟ್”, “ರಿಸೈಜ್” ಅಂತ ಏನಾದರೂ ಇದ್ದರೆ ಅದು ಮುಂದೆ ನೀವು ಕೊಡುವ ಎಲ್ಲ ಡ್ರಾಯಿಂಗಿಗೂ ಸದ್ದಿಲ್ಲದೆ ಅನ್ವಯ ಆಗುತ್ತದೆ. 24 ಇಂಚಿನ ರೋಲ್ ಹಾಕಿದ ಪ್ಲಾಟರಿಗೆ ಎ0 ಕಳಿಸಿದರೆ ಅದು ಹಿಡಿಸುವುದಿಲ್ಲ. ರೋಲಿನ ಅಗಲ 610 ಮಿಮೀ, ಎ0 ಹಾಳೆಯ ಸಣ್ಣ ಬದಿಯೇ 841. ಡ್ರೈವರ್ ತಾನೇ ಕುಗ್ಗಿಸಿ ಕೊಟ್ಟುಬಿಡುತ್ತದೆ. ನೋಡಲು ಚೆಂದವಾಗೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಈ ನಾಲ್ಕರಲ್ಲಿ ಯಾವುದು ಅಂತ ಬೇಗ ತಿಳಿಯಲು ಒಂದು ದಾರಿ ಇದೆ. ಪಿಡಿಎಫ್ ತೆರೆದು ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಹಾಳೆಯ ಗಾತ್ರ ನೋಡಿ. ರೀಡರಿನ ಅಳತೆ ಟೂಲ್ ಹಿಡಿದು ಬಾರ್ಡರನ್ನೂ ಅಳೆಯಿರಿ. ಅಲ್ಲಿ ಸರಿ ಇದ್ದರೆ ಕ್ಯಾಡ್ ಕಡೆ ತಿರುಗಿ ನೋಡುವುದೇ ಬೇಡ, ತಪ್ಪು ರೀಡರ್ ಅಥವಾ ಡ್ರೈವರಿನದು. ಪಿಡಿಎಫ್‌ನಲ್ಲೇ ಕಡಿಮೆ ಇದ್ದರೆ ಪ್ಲಾಟರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಅಂದಹಾಗೆ, ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ತೊಂದರೆ ಇಲ್ಲ. ಫೋಟೋ ತೆಗೆದು ಕಳಿಸಿದ್ದರಲ್ಲಿ ಸ್ಕೇಲ್ ಅನ್ನುವುದೇ ಇರುವುದಿಲ್ಲ.

ಬಾರ್ಡರ್ ಸರಿ, ಗೋಡೆ ತಪ್ಪು

ಒಬ್ಬ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್, 1:100 ಪ್ಲಾನ್ ತಂದಿದ್ದ. 12 ಮೀಟರ್ ಗೋಡೆ ಹಾಳೆಯ ಮೇಲೆ 120 ಮಿಮೀ ಇರಬೇಕು, 116.4 ಇತ್ತು. ಭಾಗಿಸಿದರೆ ಮತ್ತೆ 0.97. ಆದರೆ ಬಾರ್ಡರ್ ಅಳೆದರೆ 821 × 574, ಸರಿಯಾಗಿಯೇ ಇದೆ. ಸಂಖ್ಯೆ ಆಚಾರ್ರ ಹಾಳೆಯದೇ, ರೋಗ ಬೇರೆ.

ಅವನ ಫೈಲ್ ತೆರೆದು ಲೇಔಟಿಗೆ ಹೋದೆವು. ವ್ಯೂಪೋರ್ಟಿನ ಚೌಕಟ್ಟಿನ ಮೇಲೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ, “ಸ್ಟ್ಯಾಂಡರ್ಡ್ ಸ್ಕೇಲ್” ಮುಂದೆ 1:100 ಇರಬೇಕಾದ ಕಡೆ “ಕಸ್ಟಮ್” ಅಂತ ಇತ್ತು. ಅದರ ಕೆಳಗೆ “ಕಸ್ಟಮ್ ಸ್ಕೇಲ್” ಮುಂದೆ 0.0097. ಇರಬೇಕಾದದ್ದು 0.01. ವ್ಯೂಪೋರ್ಟಿನ ಒಳಗೆ ಎರಡು ಸಲ ಕ್ಲಿಕ್ ಮಾಡಿ ಏನೋ ತಿದ್ದಿದ್ದಾನೆ. ಆಗ ಕೈ ಮೌಸಿನ ಗಾಲಿಗೆ ತಾಗಿ ಡ್ರಾಯಿಂಗ್ ಒಂದು ಚೂರು ಹಿಂದೆ ಸರಿದಿದೆ. ಅಷ್ಟು ಸಣ್ಣ ಸರಿದಾಟ ಪರದೆಯ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ.

ಸರಿ ಮಾಡುವುದು ಸುಲಭ. ಸ್ಟ್ಯಾಂಡರ್ಡ್ ಸ್ಕೇಲಿನಲ್ಲಿ 1:100 ಆರಿಸಿ. ಡ್ರಾಯಿಂಗ್ ಪಕ್ಕಕ್ಕೆ ಹೋಗಿದ್ದರೆ ಪ್ಯಾನ್ ಮಾಡಿ ಮಧ್ಯಕ್ಕೆ ತನ್ನಿ, ಝೂಮ್ ಮಾತ್ರ ಮುಟ್ಟಬೇಡಿ. ಆಮೇಲೆ ಅದೇ ಪ್ರಾಪರ್ಟೀಸ್‌ನಲ್ಲಿ “ಡಿಸ್‌ಪ್ಲೇ ಲಾಕ್ಡ್” ಅನ್ನುವುದನ್ನು “ಯೆಸ್” ಮಾಡಿ. ಲಾಕ್ ಹಾಕಿದ ಮೇಲೆ ಗಾಲಿ ಎಷ್ಟು ತಿರುಗಿಸಿದರೂ ವ್ಯೂಪೋರ್ಟಿನ ಸ್ಕೇಲ್ ಕದಲುವುದಿಲ್ಲ. ನಾನಂತೂ ವ್ಯೂಪೋರ್ಟ್ ಹಾಕಿದ ನಿಮಿಷವೇ ಲಾಕ್ ಹಾಕುತ್ತೇನೆ.

ಟೈಪ್ ಮಾಡಿಯೇ ಸ್ಕೇಲ್ ಕೊಡುವವರಿಗೆ: ಡ್ರಾಯಿಂಗ್ ಮಿಲಿಮೀಟರಿನಲ್ಲಿ ಇದ್ದರೆ 1:100ಕ್ಕೆ ಝೂಮ್ ಕೊಟ್ಟು (ಕೊನೆಯ XP ಅಂದರೆ ಹಾಳೆಗೆ ಹೋಲಿಸಿದ ಪಾಲು) 1/100ಎಕ್ಸ್‌ಪಿ. ಮೀಟರಿನಲ್ಲಿ ಇದ್ದರೆ 1/100 ಹಾಕಿದರೆ ಕೆಲಸ ಕೆಟ್ಟಿತು. ಒಂದು ಮೀಟರ್ ಹಾಳೆಯ ಮೇಲೆ 10 ಮಿಮೀ ಆಗಬೇಕು, ಹಾಗಾಗಿ 10ಎಕ್ಸ್‌ಪಿ. ಅದೇ ಮೀಟರ್ ಡ್ರಾಯಿಂಗ್ 1:500ಕ್ಕೆ 2ಎಕ್ಸ್‌ಪಿ. 1000ವನ್ನು ಸ್ಕೇಲಿನಿಂದ ಭಾಗಿಸಿ, ಅಷ್ಟೇ.

ವ್ಯೂಪೋರ್ಟಿನಲ್ಲಿ 1:100 ಕೊಟ್ಟು ಪ್ಲಾಟ್ ಕಿಟಕಿಯಲ್ಲಿ ಮತ್ತೊಮ್ಮೆ 1:100 ಕೊಡುವವರೂ ಇದ್ದಾರೆ. ಆಗ ಇಡೀ ಎ1 ಹಾಳೆ ಒಂದು ಮೂಲೆಯಲ್ಲಿ 8 ಮಿಮೀ ಚುಕ್ಕೆಯಾಗಿ ಬರುತ್ತದೆ. ಇದನ್ನು ಹುಡುಕಲು ಸ್ಟೀಲ್ ಸ್ಕೇಲ್ ಬೇಕಾಗಿಲ್ಲ.

ಶೇಕಡಾ 4 ಜಾಸ್ತಿ ಬಂದರೆ

1.04 ಬಂದಾಗ ಮೊದಲು ಕೇಳುವ ಪ್ರಶ್ನೆ, “ಇದನ್ನು ಅಡಿ ಇಂಚಿನಲ್ಲಿ ಬರೆದಿದ್ದಾ?” ನಮ್ಮ ಕಡೆ ಸೈಟು ಅಂದರೆ ಇವತ್ತಿಗೂ 30 × 40 ಅಡಿಯೇ. ಬರೆಯುವವರು ಇಂಚಿನಲ್ಲಿ ಬರೆಯುತ್ತಾರೆ, ಸ್ಕೇಲ್ ಮಾತ್ರ 1:100 ಅಂತ ಟೈಟಲ್ ಬ್ಲಾಕಿನಲ್ಲಿ (ಹಾಳೆಯ ವಿವರ ಬರೆಯುವ ಪಟ್ಟಿ) ಹಾಕುತ್ತಾರೆ. ಪ್ಲಾಟ್ ಕೊಡುವಾಗ ಪಟ್ಟಿಯಿಂದ ಆರಿಸುವುದು 1/8 ಇಂಚಿಗೆ 1 ಅಡಿ. ಒಂದು ಅಡಿಗೆ 12 ಇಂಚು, ಇಂಚಿಗೆ 8 ಪಾಲು, 12 ಗುಣಿಸು 8 ಅಂದರೆ 96. ಅದು 1:96. 100 ಭಾಗಿಸು 96 ಮಾಡಿ, 1.0417.

ಖಚಿತ ಮಾಡಿಕೊಳ್ಳಲು 40 ಅಡಿಯ ಬದಿ ಅಳೆಯಿರಿ. 1:100 ಆದರೆ 121.9 ಮಿಮೀ. ಸ್ಕೇಲಿನ ಇಂಚಿನ ಬದಿಯಲ್ಲಿ ಸರಿಯಾಗಿ 5 ಇಂಚು ಬಂದರೆ ಅದು 1:96. ಇದೇ ರೀತಿ 1/4 ಇಂಚಿಗೆ 1 ಅಡಿ ಅಂದರೆ 1:48, ಅದನ್ನು 1:50 ಅಂದುಕೊಳ್ಳುವುದು ಇನ್ನೊಂದು ಮಾಮೂಲಿ ತಪ್ಪು.

ಇದು ಸಣ್ಣ ವ್ಯತ್ಯಾಸ ಅಂತ ಬಿಡಬೇಡಿ. ಪ್ಲಾನಿನಿಂದ ಗಡಿಗೂ ಕಟ್ಟಡಕ್ಕೂ ನಡುವೆ ಬಿಡುವ ಜಾಗ, ಅಂದರೆ ಸೆಟ್‌ಬ್ಯಾಕ್ ಅಳೆಯುವವರು ಮೆಟ್ರಿಕ್ ಸ್ಕೇಲ್ ಇಟ್ಟೇ ಅಳೆಯುತ್ತಾರೆ. 10 ಅಡಿ ಜಾಗ ಅವರಿಗೆ ಸುಮಾರು 10 ಅಡಿ 5 ಇಂಚು ಕಾಣುತ್ತದೆ. ಕಟ್ಟುವಾಗ ಆ 5 ಇಂಚು ನೆಲದ ಮೇಲೆ ಇರುವುದಿಲ್ಲ.

ದೊಡ್ಡ ವ್ಯತ್ಯಾಸಗಳು ಬೇಗ ಸಿಗುತ್ತವೆ

0.5 ಅಂದರೆ ಎ1 ಡ್ರಾಯಿಂಗನ್ನು ಎ3ಗೆ ತೆಗೆದಿದ್ದಾರೆ. 0.707 ಅಂದರೆ ಎ1 ಅನ್ನು ಎ2ಗೆ, ಅಥವಾ ಜೆರಾಕ್ಸ್ ಯಂತ್ರದಲ್ಲಿ 71 ಒತ್ತಿದ್ದಾರೆ. ಎ3ಗೆ ಕುಗ್ಗಿಸಿದ 1:100 ಡ್ರಾಯಿಂಗ್ ಈಗ 1:200. ಓದಲು ಕೊಡುವ ಪ್ರತಿಗೆ ಇದು ತಪ್ಪೇನಲ್ಲ, ಟೈಟಲ್ ಬ್ಲಾಕಿನಲ್ಲಿ “ಎ1ರಲ್ಲಿ 1:100” ಅಂತ ಹಾಳೆಯ ಹೆಸರನ್ನೂ ಸೇರಿಸಿ ಬರೆಯಿರಿ.

25.4 ಪಟ್ಟು ದೊಡ್ಡದು ಅಥವಾ ಚಿಕ್ಕದು ಬಂದರೆ ಇಂಚು ಮತ್ತು ಮಿಲಿಮೀಟರಿನ ಗೊಂದಲ. 1000 ಪಟ್ಟು ಆದರೆ ಮೀಟರ್ ಮತ್ತು ಮಿಲಿಮೀಟರ್. 3.28 ಆದರೆ ಅಡಿ ಮತ್ತು ಮೀಟರ್. ಡ್ರಾಯಿಂಗ್ ಯಾವುದರಲ್ಲಿದೆ ಅಂತ ತಿಳಿಯಲು ಯಾವುದಾದರೂ ಒಂದು ಬಾಗಿಲನ್ನು ಅಳೆದು ನೋಡಿ. ಕಮಾಂಡ್ ಲೈನಿನಲ್ಲಿ ಡಿಐ ಅಂತ ಟೈಪ್ ಮಾಡಿ ಬಾಗಿಲಿನ ಎರಡು ತುದಿ ತೋರಿಸಿ. 900 ಬಂದರೆ ಮಿಲಿಮೀಟರ್, 0.9 ಬಂದರೆ ಮೀಟರ್, 36ರ ಆಸುಪಾಸು ಬಂದರೆ ಇಂಚು, 3 ಬಂದರೆ ಅಡಿ. ಯೂನಿಟ್ಸ್ ಕಿಟಕಿಯಲ್ಲಿ “ಮಿಲಿಮೀಟರ್ಸ್” ಅಂತ ಬದಲಿಸಿದರೆ ಡ್ರಾಯಿಂಗ್ ತಾನಾಗಿ ದೊಡ್ಡದಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಮುಂದೆ ಬೇರೆ ಫೈಲಿನಿಂದ ಒಳಗೆ ತರುವ ಬ್ಲಾಕ್, ಎಕ್ಸ್‌ರೆಫ್‌ಗಳಿಗೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಇರುವ ಗೆರೆ ಬದಲಾಗಬೇಕಾದರೆ ಸ್ಕೇಲ್ ಕಮಾಂಡ್ ಕೊಟ್ಟು 25.4 ಅಥವಾ 1000ದಿಂದ ಗುಣಿಸಲೇಬೇಕು.

ಗೋಡೆ ಅಳತೆ ಸರಿ ಇದ್ದು ಅಕ್ಷರ ಮಾತ್ರ ದೊಡ್ಡದಾಗಿದ್ದರೆ, ಚುಕ್ಕೆ ಗೆರೆ ಪೂರ್ತಿ ಗೆರೆಯಾಗಿ ಕಂಡರೆ ಅದು ಸ್ಕೇಲಿನ ತಪ್ಪಲ್ಲ. ಅಕ್ಷರಕ್ಕೆ ಅನೋಟೇಶನ್ ಸ್ಕೇಲ್, ಚುಕ್ಕೆ ಗೆರೆಗೆ ಲೈನ್‌ಟೈಪ್ ಸ್ಕೇಲ್ ನೋಡಿ.

ಒಂದೇ ದಿಕ್ಕಿಗೆ ತಪ್ಪಿದರೆ: ಮಳೆ ಮತ್ತು ಹಾಳೆ

ಇಲ್ಲಿಯವರೆಗಿನ ತಪ್ಪುಗಳು ಎರಡೂ ದಿಕ್ಕಿಗೆ ಒಂದೇ ಪಾಲು ಬರುತ್ತವೆ. ಒಂದು ದಿಕ್ಕಿಗೆ ಸರಿಯಾಗಿದ್ದು ಇನ್ನೊಂದಕ್ಕೆ ಸಾವಿರಕ್ಕೆ ಎರಡು ಮೂರು ಮಿಮೀ ತಪ್ಪುತ್ತಿದ್ದರೆ ಸಾಫ್ಟ್‌ವೇರಿನ ಸ್ಕೇಲ್ ಬಿಟ್ಟು ಯಂತ್ರ ಮತ್ತು ಕಾಗದದ ಕಡೆ ಬನ್ನಿ.

ಹಾಳೆ ಹೊರಬರುವ ದಿಕ್ಕಿಗೆ ತಪ್ಪು ಅಂದರೆ ಕಾಗದ ಎಳೆಯುವ ರೋಲರ್ ಪ್ರತಿ ಸಲವೂ ಒಂದು ಕೂದಲೆಳೆ ಜಾಸ್ತಿ ಅಥವಾ ಕಡಿಮೆ ಎಳೆಯುತ್ತಿದೆ. ಇದರ ಜೊತೆ ಡ್ರಾಯಿಂಗಿನ ತುಂಬಾ ಅಡ್ಡಕ್ಕೆ ಸಣ್ಣ ಬಿಳಿ ಅಥವಾ ಕಪ್ಪು ಪಟ್ಟಿಗಳೂ ಕಾಣಬಹುದು. ಟ್ರೇಸಿಂಗ್ ರೋಲ್ ಹಾಕಿ ಪ್ಯಾನೆಲಿನಲ್ಲಿ ಬಾಂಡ್ ಪೇಪರ್ ಅಂತ ಬಿಟ್ಟಿದ್ದರೆ ಹೀಗಾಗುತ್ತದೆ. ಮೊದಲು ಕಾಗದದ ಜಾತಿ ಸರಿಯಾಗಿ ಆರಿಸಿ, ರೋಲರ್ ಒರೆಸಿ, ಆಮೇಲೆ ಪ್ಯಾನೆಲಿನ ಮೆನುವಿನಲ್ಲಿ ಪೇಪರ್ ಅಡ್ವಾನ್ಸ್ ಕ್ಯಾಲಿಬ್ರೇಶನ್, ಅಂದರೆ ಕಾಗದ ಎಳೆಯುವ ಅಳತೆ ಹೊಂದಿಸುವ ಕೆಲಸ, ಮಾಡಿ.

ರೋಲಿನ ಅಗಲಕ್ಕೆ ತಪ್ಪು ಅಂದರೆ ಮಲೆನಾಡಿನಲ್ಲಿ ನಾನು ಮೊದಲು ಅನುಮಾನ ಪಡುವುದು ತೇವವನ್ನು. ಮಳೆಗಾಲದಲ್ಲಿ ನಮ್ಮ ಮನೆಗಳ ಬಾಗಿಲು ಬಿಗಿಯಾಗುತ್ತದಲ್ವಾ? ಹಲಗೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೇ ಇಲ್ಲ. ಕಾಗದವೂ ಮರದ ನಾರಿನದೇ. ಕಾರ್ಖಾನೆಯಲ್ಲಿ ಹಾಳೆ ಓಡುವ ದಿಕ್ಕಿಗೆ ನಾರು ಹೆಚ್ಚಾಗಿ ಸಾಲುಗಟ್ಟಿ ಕೂರುತ್ತದೆ. ತೇವ ಕುಡಿದ ನಾರು ದಪ್ಪವಾಗುತ್ತದೆ, ಹಾಗಾಗಿ ರೋಲಿನ ಅಗಲಕ್ಕೆ ಹಾಳೆ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಆಗುಂಬೆ, ಹುಲಿಕಲ್ ಕಡೆಗೆ ಜುಲೈ ತಿಂಗಳಲ್ಲಿ ತೆಗೆದುಕೊಂಡು ಹೋದ ಹಾಳೆ ಅಲ್ಲಿನ ಗಾಳಿಗೇ ಮೆತ್ತಗಾಗುತ್ತದೆ. ಎಚ್‌ಪಿ ಡಿಸೈನ್‌ಜೆಟ್‌ನ ಹಲವು ಮಾದರಿಗಳ ವಿವರದಲ್ಲಿ ಗೆರೆಯ ನಿಖರತೆ ಶೇಕಡಾ ±0.1 ಅಂತ ಇರುತ್ತದೆ. ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಬೇಕು. 23 ಡಿಗ್ರಿ ಬಿಸಿ, ಶೇಕಡಾ 50ರಿಂದ 60 ತೇವ, ಮೇಲಾಗಿ ಅದು ಮ್ಯಾಟ್ ಫಿಲ್ಮಿನ ಮೇಲೆ ತೆಗೆದ ಅಳತೆ. ನಮ್ಮ ಮಳೆಗಾಲದಲ್ಲಿ ಸಾಮಾನ್ಯ ಬಾಂಡ್ ಪೇಪರಿನ ಮೇಲೆ ಅದನ್ನು ನಿರೀಕ್ಷೆ ಮಾಡುವ ಹಾಗಿಲ್ಲ.

ಈ ತೇವ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಒಂದು ಫೆಬ್ರವರಿಯಲ್ಲಿ ನಮ್ಮ ಪ್ರಿಂಟ್‌ಗಳು ಅಗಲಕ್ಕೆ 600 ಇರಬೇಕಾದ ಕಡೆ 598.5 ಬರಲು ಶುರುವಾದವು. ಹವೆ ಒಣಗಿತ್ತು, ರೋಲ್ ಹೊಸದು, ಪ್ಲಾಟರಿನ ಕ್ಯಾಲಿಬ್ರೇಶನ್ ಮಾಡಿದರೂ ಅಷ್ಟೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅದೇ ಡ್ರಾಯಿಂಗನ್ನು ಪಿಡಿಎಫ್ ಮಾಡಿ ರೀಡರಿನಿಂದ ಕೊಟ್ಟು ನೋಡಿದೆ. 600 ಬಂತು. ಆಟೋಕ್ಯಾಡಿನಿಂದ ನೇರ ಕೊಟ್ಟರೆ ಮಾತ್ರ 598.5. ಅಂದರೆ ಯಂತ್ರವೂ ಸರಿ, ಕಾಗದವೂ ಸರಿ.

ಆಟೋಕ್ಯಾಡಿನ ಪ್ಲಾಟರ್ ಮ್ಯಾನೇಜರಿನಲ್ಲಿ ನಮ್ಮ ಪ್ಲಾಟರಿನ ಸೆಟ್ಟಿಂಗ್ ಇರುವ ಪಿಸಿ3 ಫೈಲ್ ತೆರೆದೆ. ಅದರ ಡಿವೈಸ್ ಸೆಟ್ಟಿಂಗಿನ ಪಟ್ಟಿಯ ಕೆಳಗಡೆ ಹಾಳೆ ಗಾತ್ರ ಮತ್ತು ಕ್ಯಾಲಿಬ್ರೇಶನ್ ಅನ್ನುವ ಭಾಗ ಇದೆ. ಅಲ್ಲಿ “ಪಿಎಂಪಿ ಫೈಲ್ ನೇಮ್” ಮುಂದೆ “ನನ್”, ಅಂದರೆ ಏನೂ ಇಲ್ಲ ಅಂತ, ಇರಬೇಕಿತ್ತು. ಅಳತೆಯ ತಿದ್ದುಪಡಿ ಇಟ್ಟುಕೊಳ್ಳುವ ಒಂದು ಫೈಲಿನ ಹೆಸರು ಕೂತಿತ್ತು. ತಾರೀಖು ಹಿಂದಿನ ಜುಲೈನದು. ಆಗ ಅಂಗಡಿಯಲ್ಲಿದ್ದವರು ಮಳೆಯಲ್ಲಿ ಹಿಗ್ಗಿದ ಹಾಳೆ ಅಳೆದು 601.5 ಕಂಡಿದ್ದಾರೆ. ಕ್ಯಾಲಿಬ್ರೇಶನ್ ವಿಝಾರ್ಡಿಗೆ ಆ ಅಳತೆ ಕೊಟ್ಟಿದ್ದಾರೆ. ಅವತ್ತಿನಿಂದ ಸಾಫ್ಟ್‌ವೇರ್ ಪ್ರತಿ ಡ್ರಾಯಿಂಗನ್ನೂ ಅಗಲಕ್ಕೆ ಅಷ್ಟು ಕುಗ್ಗಿಸಿ ಕಳಿಸುತ್ತಿತ್ತು. ಮಳೆಗಾಲದಲ್ಲಿ ಎರಡೂ ತಪ್ಪು ಸೇರಿ ಸರಿಯಾಗಿಯೇ ಕಂಡಿತ್ತು, ಬಿಸಿಲು ಬಂದ ಮೇಲೆ ಬಯಲಾಯಿತು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಶ್ರದ್ಧೆಯಿಂದ ಅಳೆದೂ ಇದ್ದರು. ಎಲ್ಲೂ ಬರೆದಿಡದೆ ಹೋಗಿದ್ದಕ್ಕೆ ನಮಗೆ ಎರಡು ದಿನ ಹೋಯಿತು. “ಡಿಟ್ಯಾಚ್” ಒತ್ತಿ ಸೇವ್ ಮಾಡಿದೆ, ಮುಗಿಯಿತು.

ಹಾಗಾಗಿ ಪಿಎಂಪಿ ಕ್ಯಾಲಿಬ್ರೇಶನ್ ಅನ್ನುವುದು ಕೊನೆಯ ಮದ್ದು. ಮಾಡಲೇಬೇಕು ಅಂದರೆ ಹಾಳೆ ಒಣಗಿದ ದಿನ ಮಾಡಿ, ತಾರೀಖು ಮತ್ತು ಅಳತೆಯನ್ನು ಪ್ಲಾಟರಿನ ಮೇಲೇ ಚೀಟಿ ಅಂಟಿಸಿ. ತೇವದ ತಪ್ಪಿಗೆ ಮದ್ದು ಕಾಗದದಲ್ಲೇ ಇದೆ. ರೋಲನ್ನು ಪ್ಲಾಸ್ಟಿಕ್ ಚೀಲದಲ್ಲೇ ಇಡಿ. ಹೊಸ ರೋಲ್ ತಂದ ದಿನವೇ ಅಳತೆಯ ಕೆಲಸಕ್ಕೆ ಹಾಕಬೇಡಿ, ಒಂದು ದಿನ ಆ ಕೋಣೆಯ ಗಾಳಿಗೆ ಒಗ್ಗಲಿ. ಹಾಳೆ ಹಿಡಿದು ಕೊಯ್ಯುವ, ಕೊರೆಯುವ ಕೆಲಸ ಇದ್ದರೆ ಪಾಲಿಯೆಸ್ಟರ್ ಫಿಲ್ಮಿನ ಮೇಲೆ ತೆಗೆಯಿರಿ. ದುಡ್ಡು ಜಾಸ್ತಿ, ಆದರೆ ತೇವಕ್ಕೆ ಅದು ಅಲುಗುವುದು ತೀರಾ ಕಡಿಮೆ.

600, 450, 750

ಅನುಮಾನ ಬಂದಾಗಲೆಲ್ಲ ನಾವು ಒಂದು ಪರೀಕ್ಷೆಯ ಹಾಳೆ ತೆಗೆಯುತ್ತೇವೆ. ಎ1 ಹಾಳೆಯಲ್ಲಿ 600 × 450 ಮಿಮೀ ಆಯತ, ಎರಡು ಕರ್ಣದ ಗೆರೆ. ಬೇರೇನೂ ಇಲ್ಲ. ಮೇಸ್ತ್ರಿಗಳು ಪಾಯ ಹಾಕುವಾಗ ಮೂಲೆ ಕೂಡಿಸಲು ಮೂರು ನಾಲ್ಕು ಐದು ಹಿಡಿಯುತ್ತಾರಲ್ಲ, ಅದೇ ಲೆಕ್ಕ. ಕರ್ಣ ಎರಡೂ 750 ಬರಬೇಕು. 600, 450 ಸರಿ ಇದ್ದು ಒಂದು ಕರ್ಣ 751, ಇನ್ನೊಂದು 749 ಬಂದರೆ ಹಾಳೆ ಓರೆಯಾಗಿ ಒಳಗೆ ಹೋಗಿದೆ. ರೋಲ್ ಬಿಚ್ಚಿ, ತುದಿ ನೇರ ಕತ್ತರಿಸಿ, ಮತ್ತೆ ಹಾಕಿ. ಈ ಹಾಳೆಯನ್ನು ಒಮ್ಮೆ ಆಟೋಕ್ಯಾಡಿನಿಂದ ನೇರ, ಒಮ್ಮೆ ಪಿಡಿಎಫ್ ರೀಡರಿನಿಂದ ತೆಗೆಯಿರಿ. ಎರಡೂ ಒಂದೇ ಬರದಿದ್ದರೆ ಎಲ್ಲಿ ಹುಡುಕಬೇಕು ಅಂತ ಈಗ ನಿಮಗೆ ಗೊತ್ತು.

ತಪ್ಪೇ ಅಲ್ಲದ ಎರಡು ದೂರು

ರಸ್ತೆಯ ಉದ್ದ ಸೆಕ್ಷನ್ ಡ್ರಾಯಿಂಗ್ ತಂದು “ಎತ್ತರ ಹತ್ತು ಪಟ್ಟು ಬಂದಿದೆ” ಅನ್ನುವವರಿದ್ದಾರೆ. ಘಾಟಿ ರಸ್ತೆಯ ಏರಿಳಿತ ಕಣ್ಣಿಗೆ ಕಾಣಲಿ ಅಂತ ಅಡ್ಡಕ್ಕೆ 1:1000, ಎತ್ತರಕ್ಕೆ 1:100 ಇಟ್ಟು ಬರೆದಿರುತ್ತಾರೆ. ಟೈಟಲ್ ಬ್ಲಾಕಿನಲ್ಲಿ ಎರಡೂ ಸ್ಕೇಲ್ ಇರುತ್ತದೆ, ಓದಿ. ಇಂಥ ಉದ್ದದ ಡ್ರಾಯಿಂಗನ್ನು ಒಂದೇ ಪಿಡಿಎಫ್ ಮಾಡುವಾಗ 5080 ಮಿಮೀ, ಅಂದರೆ 200 ಇಂಚು, ದಾಟಿಸಬೇಡಿ. ಅದರಾಚೆಗೆ ಕೆಲವು ರೀಡರ್‌ಗಳು ಸರಿಯಾಗಿ ತೆರೆಯುವುದಿಲ್ಲ. ಎರಡು ಹಾಳೆ ಮಾಡಿ.

ಇನ್ನೊಂದು ಹಳೆಯ ಗ್ರಾಮ ನಕ್ಷೆ. 1:7920 ಸ್ಕೇಲಿನದು, ಒಂದು ಇಂಚಿಗೆ 660 ಅಡಿ. ಗುಂಟೆಯ ಒಂದು ಬದಿ 33 ಅಡಿ, ಹಾಗಾಗಿ ಇಂಚಿಗೆ ಇಪ್ಪತ್ತು ಗುಂಟೆ ಬದಿ. ಜೆರಾಕ್ಸಿನ ಜೆರಾಕ್ಸ್ ಸ್ಕ್ಯಾನ್ ಮಾಡಿ ತಂದರೆ ಅದು ಎರಡು ದಿಕ್ಕಿಗೂ ಬೇರೆ ಬೇರೆ ಎಳೆದಿರುತ್ತದೆ. ಪ್ಲಾಟರ್ ಅದನ್ನು ಸರಿ ಮಾಡಲಾರದು. ನೆಲದ ಮೇಲೆ ಅಳತೆ ಗೊತ್ತಿರುವ ಎರಡು ಕಲ್ಲಿನ ನಡುವಿನ ದೂರ ಇಟ್ಟುಕೊಂಡು ಕ್ಯಾಡ್‌ನಲ್ಲೇ ಹೊಂದಿಸಬೇಕು, ಆಮೇಲೆ ಇನ್ನೊಂದು ದಿಕ್ಕಿಗೆ ಮತ್ತೊಂದು ಜೋಡಿ ಕಲ್ಲು ಹಿಡಿದು ತಾಳೆ ನೋಡಬೇಕು.

ಆಚಾರ್ರ ಕಮಾನನ್ನು ಅವತ್ತೇ ಮತ್ತೆ ತೆಗೆದೆವು. ಫಿಟ್ ತೆಗೆದು, ಫುಲ್ ಬ್ಲೀಡ್ ಹಾಳೆ ಆರಿಸಿ, ಈ ಸಲ ಫಿಲ್ಮಿನ ಮೇಲೆ. ಮೂಲೆಯಲ್ಲಿ 500 ಮಿಮೀ ಸ್ಕೇಲ್ ಬಾರ್ ಒಂದು ಸೇರಿಸಿದೆ, ಮನೆಗೆ ಹೋದ ಮೇಲೂ ಅವರು ತಾವೇ ಅಳೆದು ನೋಡಬಹುದು ಅಂತ. 36 ಇಂಚಿನ ರೋಲಿನಿಂದ ಹಾಳೆ ಇಳಿದ ಕೂಡಲೇ ಅವರೇ ಸ್ಟೀಲ್ ಸ್ಕೇಲ್ ತೆಗೆದುಕೊಂಡರು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಅಳೆದರು. 1050. ದಾರಂದದ ಅಳತೆ ಬರೆದಿದ್ದ ಚೀಟಿ ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಸುರುಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೊರಟರು.